ಗಾಜಿಗೆ ಬೆಳಕು, ಕುರ್ಚಿಗೆ ಜಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಗಾಜಿನ ಸಾಮಾನು ಮತ್ತು ಯುರೋಪಿನ ಶೈಲಿಯ ಪೀಠೋಪಕರಣಗಳಿಂದ ಮನೆಯನ್ನು ಅಲಂಕರಿಸುವ ಬಗ್ಗೆ ಬಂದ ಪತ್ರಗಳಲ್ಲಿ ಆರು ಪ್ರಶ್ನೆಗಳನ್ನು ಈ ಸಲ ಎತ್ತಿಕೊಂಡಿದ್ದೇನೆ. ಒಂದೇ ವಿಷಯವನ್ನು ಹಲವರು ಕೇಳಿರುವಲ್ಲಿ ಪತ್ರಗಳನ್ನು ಕೂಡಿಸಿ ಒಂದೇ ಪ್ರಶ್ನೆಯಾಗಿ ಬರೆದಿದ್ದೇನೆ.

ಪ್ರಶ್ನೆ: ಅಜ್ಜಿಯ ಕಾಲದಿಂದ ಉಳಿದುಬಂದ ಸುಮಾರು ಮೂವತ್ತು ಗಾಜಿನ ಸಾಮಾನುಗಳು ನಮ್ಮಲ್ಲಿವೆ. ಕೆತ್ತನೆಯ ಬಟ್ಟಲುಗಳು, ಬಿರಡೆಯಿರುವ ಸೀಸೆಗಳು, ಕೆಂಪು ಮತ್ತು ನೀಲಿ ಲೋಟಗಳು, ತೆಳ್ಳನೆಯ ಒಂದೆರಡು ಹೂದಾನಿಗಳು ಇವೆ. ಎಲ್ಲವನ್ನೂ ಒಂದೇ ಕಪಾಟಿನಲ್ಲಿ ಜೋಡಿಸಿದ್ದೇವೆ. ಕೈಗೆತ್ತಿಕೊಂಡಾಗ ಒಂದೊಂದೂ ಚೆಂದ, ಕಪಾಟಿನಲ್ಲಿ ಮಾತ್ರ ಅಂಗಡಿಯ ದಾಸ್ತಾನಿನಂತೆ ಕಾಣುತ್ತವೆ. ಏನು ಮಾಡಬೇಕು?

ಉತ್ತರ: ಕಪಾಟಿನೊಳಗಿನ ಬೆಳಕು ಮೂವತ್ತಕ್ಕೂ ಒಂದೇ ಆಗಿರುವುದು ತೊಂದರೆಯ ಮೂಲವಿರಬೇಕು. ಮರ, ಬಟ್ಟೆ, ಪಿಂಗಾಣಿಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಹಿಂದಿರುಗಿಸಿ ಕಣ್ಣಿಗೆ ಕಾಣುತ್ತವೆ. ಗಾಜು ಬೆಳಕಿನ ಬಹುಪಾಲನ್ನು ತನ್ನ ಮೂಲಕ ಹಾಯಿಸಿಬಿಡುತ್ತದೆ. ಆದ್ದರಿಂದ ಅದರ ಹಿಂದೆ ಏನಿದೆ, ಬೆಳಕು ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದರ ಮೇಲೆ ಅದರ ಚೆಲುವು ನಿಂತಿರುತ್ತದೆ. ಸಾಮಾನುಗಳು ಒಂದರ ಹಿಂದೊಂದು ನಿಂತಾಗ ಪ್ರತಿಯೊಂದಕ್ಕೂ ಇನ್ನೊಂದು ಗಾಜೇ ಹಿನ್ನೆಲೆಯಾಗಿ, ಅಂಚುಗಳೆಲ್ಲ ಕಲಸಿಹೋಗುತ್ತವೆ.

ಎಲ್ಲವನ್ನೂ ಕೆಳಗಿಳಿಸಿ, ಬಣ್ಣವಿಲ್ಲದ ಕೆತ್ತನೆಯ ಗಾಜು, ಬಣ್ಣದ ಗಾಜು, ತೆಳ್ಳನೆಯ ಊದುಗಾಜು ಎಂದು ಮೂರು ಗುಂಪು ಮಾಡಿ. ಯುರೋಪಿನಲ್ಲಿ ಈ ಬಗೆಗಳು ಬೆಳೆದ ದಾರಿಗಳೇ ಬೇರೆ ಬೇರೆ. ವೆನಿಸ್ ಗಣರಾಜ್ಯವು 1291ರಲ್ಲಿ, ನಗರಕ್ಕೆ ಬೆಂಕಿ ಬಿದ್ದೀತೆಂಬ ಭಯದಿಂದ, ಗಾಜಿನ ಕುಲುಮೆಗಳನ್ನು ಮುರಾನೊ ದ್ವೀಪಕ್ಕೆ ಕಳಿಸಿತು. 15ನೇ ಶತಮಾನದ ನಡುವಿನಲ್ಲಿ ಅಲ್ಲಿ ಸಿದ್ಧವಾದ ‘ಕ್ರಿಸ್ಟಾಲೊ’ ಎಂಬ ತಿಳಿಗಾಜು ಸೋಡಾ ಬೆರೆತದ್ದು, ಬಹಳ ಹೊತ್ತು ಮೆದುವಾಗಿಯೇ ಇರುವಂಥದ್ದು. ಅದನ್ನು ಊದಿ, ಎಳೆದು, ತಿರುಚಿ ಹಗುರವಾದ ಆಕಾರಗಳನ್ನು ತೆಗೆಯುವುದು ಅಲ್ಲಿನ ಕುಶಲಿಗಳಿಗೆ ಸಾಧ್ಯವಾಯಿತು. ಇಂದಿನ ಚೆಕ್ ನಾಡಿನಲ್ಲಿರುವ ಬೊಹೀಮಿಯಾದ ಕಾಡುಗಳಲ್ಲಿ ಮರದ ಬೂದಿಯ ಪೊಟ್ಯಾಷ್ ಹಾಕಿ ಮಾಡಿದ ಗಾಜು ಬೇಗ ಗಟ್ಟಿಯಾಗುತ್ತಿತ್ತು. ಅದು ದಪ್ಪವಾಗಿ ನಿಂತು, ಚಕ್ರಕ್ಕೆ ಹಿಡಿದು ಕೊರೆಯುವುದಕ್ಕೆ ಹೇಳಿ ಮಾಡಿಸಿದಂತಿತ್ತು. ಇಂಗ್ಲೆಂಡಿನಲ್ಲಿ ಜಾರ್ಜ್ ರೇವನ್ಸ್‌ಕ್ರಾಫ್ಟ್ 1674ರಲ್ಲಿ ಹಕ್ಕುಪತ್ರ ಪಡೆದು ಬೆಳೆಸಿದ್ದು ಸೀಸ ಬೆರೆತ ಗಾಜನ್ನು. ಬೆಳಕನ್ನು ಗಾಜು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆಯಾದ ವಕ್ರೀಭವನಾಂಕ ಸಾಧಾರಣ ಗಾಜಿಗೆ ಸುಮಾರು 1.52, ಸೀಸ ಹೆಚ್ಚಿದಂತೆ ಅದು ಏರುತ್ತದೆ, ಬೆಳಕು ಹೆಚ್ಚು ಬಾಗುತ್ತದೆ, ಕೊರೆದ ಮುಖಗಳಲ್ಲಿ ಒಡೆದು ಬಣ್ಣ ಬಣ್ಣದ ಕಿಡಿಗಳಾಗಿ ಹೊರಬೀಳುತ್ತದೆ.

ಬಣ್ಣವಿಲ್ಲದ ಕೆತ್ತನೆಯ ಬಟ್ಟಲಿಗೆ ಕಡುಬಣ್ಣದ ಹಿನ್ನೆಲೆ ಬೇಕು, ಪಕ್ಕದಿಂದಲೋ ಮೇಲಿನಿಂದಲೋ ಬೀಳುವ ಸಣ್ಣ, ತೀಕ್ಷ್ಣವಾದ ಒಂದು ದೀಪ ಬೇಕು. ಇಡೀ ಚಾವಣಿಯಿಂದ ಹರಡಿ ಬೀಳುವ ಬಿಳಿ ಬೆಳಕಿನಲ್ಲಿ ಎಷ್ಟು ಒಳ್ಳೆಯ ಕೆತ್ತನೆಯೂ ಸಪ್ಪೆಯಾಗುತ್ತದೆ. ಕೆಂಪು ಮತ್ತು ನೀಲಿ ಲೋಟಗಳಿಗೆ ಇದರ ತದ್ವಿರುದ್ಧವಾದ ಏರ್ಪಾಡು ಸರಿ: ಹಿಂದಿನಿಂದ ಬರುವ ಮೃದುವಾದ ಬೆಳಕಿರಬೇಕು, ಹಿನ್ನೆಲೆ ತಿಳಿಯಾಗಿರಬೇಕು. ತೆಳುವಾದ ಪರದೆಯಿರುವ ಕಿಟಕಿಯ ಬದಿ ಅವುಗಳಿಗೆ ಹೊಂದುತ್ತದೆ. ಕಪ್ಪು ಮರದ ಮುಂದೆ ಇಟ್ಟರೆ ಕಡುಗೆಂಪು ಗಾಜು ಬರಿಯ ಕಪ್ಪಾಗಿ ಕಾಣುತ್ತದೆ. ಊದುಗಾಜಿನ ಹೂದಾನಿಗೆ ಸುತ್ತ ಖಾಲಿ ಜಾಗವೇ ಸಾಕು, ಅದರ ಸೊಗಸೆಲ್ಲ ಹೊರರೇಖೆಯಲ್ಲಿದೆ. ರಾತ್ರಿ ಕೋಣೆಯನ್ನು ಕತ್ತಲಾಗಿಸಿ, ಒಂದೊಂದನ್ನೂ ಮೇಜಿನ ಮೇಲಿಟ್ಟು, ಸಣ್ಣ ಟಾರ್ಚನ್ನು ಅದರ ಸುತ್ತ ನಿಧಾನವಾಗಿ ಒಯ್ದು ನೋಡಿ. ಯಾವ ಕೋನದಲ್ಲಿ ಅದು ಕಣ್ತೆರೆಯುತ್ತದೆ ಎಂಬುದು ಹತ್ತು ನಿಮಿಷಗಳಲ್ಲಿ ತಿಳಿದುಬಿಡುತ್ತದೆ.

ನೇರ ಬಿಸಿಲಿನ ಬಗ್ಗೆ ಎಚ್ಚರವಿರಲಿ. ನೀರು ತುಂಬಿದ ದುಂಡನೆಯ ಹೂದಾನಿ, ಘನವಾದ ಗಾಜಿನ ಗುಂಡು, ಕಾಗದದ ಮೇಲಿಡುವ ಗಾಜಿನ ತೂಕ, ಇವೆಲ್ಲ ಬಿಸಿಲನ್ನು ಭೂತಗನ್ನಡಿಯಂತೆ ಒಂದು ಬಿಂದುವಿಗೆ ಕೂಡಿಸಬಲ್ಲವು. ಪರದೆಗೂ ಸೋಫಾಕ್ಕೂ ಬೆಂಕಿ ಹತ್ತಿಕೊಂಡದ್ದುಂಟು. ಇನ್ನು, ಗಾಜಿನ ಹಸುರು ಛಾಯೆಯನ್ನು ತೆಗೆಯಲು ಹಿಂದೆ ಮ್ಯಾಂಗನೀಸ್ ಬೆರೆಸುತ್ತಿದ್ದರು, ಅಂಥ ತಿಳಿಗಾಜು ವರ್ಷಗಟ್ಟಲೆ ಬಿಸಿಲು ಕಂಡರೆ ನಸುನೇರಳೆಗೆ ತಿರುಗುತ್ತದೆ, ಮತ್ತೆ ತಾನಾಗಿ ತಿಳಿಯಾಗುವುದಿಲ್ಲ.

ಮೂವತ್ತನ್ನೂ ಒಮ್ಮೆಗೇ ತೋರಿಸಬೇಕೆಂಬ ಹಟ ಬಿಡಿ. ಎಂಟೋ ಹತ್ತೋ ಹೊರಗಿರಲಿ, ಉಳಿದವನ್ನು ಮೃದುವಾದ ಬಿಳಿ ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಕೆಲವು ತಿಂಗಳಿಗೊಮ್ಮೆ ಬದಲಿಸಿ. ಪೆಟ್ಟಿಗೆಯಲ್ಲಿಯೂ ಲೋಟಗಳನ್ನು ಬೋರಲು ಹಾಕಬಾರದು, ಏಕೆಂದರೆ ಅವುಗಳ ಅತ್ಯಂತ ದುರ್ಬಲವಾದ ಭಾಗವೇ ಬಾಯಂಚು.

ಪ್ರಶ್ನೆ: ನಮ್ಮ ಮನೆಯ ಕೋಣೆಗಳು ಚಿಕ್ಕವು, ಚಾವಣಿಯೂ ಎತ್ತರವಿಲ್ಲ. ಆದರೂ ಫ್ರೆಂಚ್ ಅರಮನೆಗಳ ಚಿತ್ರಗಳಲ್ಲಿ ಕಾಣುವಂಥ ಪೀಠೋಪಕರಣಗಳ ಮೇಲೆ ನನಗೆ ಆಸೆ. ನಾಟಕದ ರಂಗಸಜ್ಜಿಕೆಯಂತೆ ಕಾಣದ ಹಾಗೆ ಇದನ್ನು ಮಾಡಬಹುದೆ?

ಉತ್ತರ: ಮಾಡಬಹುದು, ಆದರೆ ಯಾವ ಕಾಲದ ಯುರೋಪು ನಿಮಗೆ ಬೇಕೆಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. 15ನೇ ಲೂಯಿಯ ಕಾಲದ ಕುರ್ಚಿಯ ಕಾಲುಗಳು ಒಳಕ್ಕೂ ಹೊರಕ್ಕೂ ಬಳುಕುತ್ತವೆ, ಮೈತುಂಬ ಚಿಪ್ಪು, ಎಲೆ, ಹೂಗಳ ಕೆತ್ತನೆ ಇರುತ್ತದೆ. 16ನೇ ಲೂಯಿಯ ಕಾಲಕ್ಕೆ ಅಭಿರುಚಿ ಪ್ರಾಚೀನ ಗ್ರೀಸ್ ಮತ್ತು ರೋಮಿನ ಕಡೆಗೆ ತಿರುಗಿ, ಕಾಲುಗಳು ನೆಟ್ಟಗಾದವು, ಅವುಗಳ ಮೇಲೆ ಕಂಬದಂತೆ ಉದ್ದಗೆರೆಗಳು ಮೂಡಿದವು. ನೆಪೋಲಿಯನ್ನನ ಕಾಲದ ‘ಎಂಪೈರ್’ ಶೈಲಿಯದು ಕಪ್ಪುಗೆಂಪು ಮಹಾಗನಿ ಮತ್ತು ಚಿನ್ನದ ಲೇಪದ ಕಂಚು. ಅದು ದೊಡ್ಡ ಸಭಾಂಗಣದ ವಸ್ತು, ಚಿಕ್ಕ ಕೋಣೆಯಲ್ಲಿ ಆನೆ ಬಂದು ಕೂತಂತಾಗುತ್ತದೆ. ಚಿತ್ರಗಳಲ್ಲಿ ನಿಮ್ಮ ಮನಸೆಳೆದದ್ದು ಬಹುಶಃ ಮೊದಲನೆಯದು. ನಿಮ್ಮ ಕೋಣೆಗೆ ಒಪ್ಪುವುದು ಎರಡನೆಯದು ಎಂದು ನನ್ನ ಅಭಿಪ್ರಾಯ.

ಇನ್ನೂ ಎರಡು ದಾರಿಗಳಿವೆ. ಸ್ವೀಡನ್ನಿನ ದೊರೆ 3ನೇ ಗುಸ್ತಾವ್ 1771ರಿಂದ 1792ರವರೆಗೆ ಆಳಿದ. ಫ್ರೆಂಚ್ ಅಭಿರುಚಿಯನ್ನು ಅವನು ತನ್ನ ನಾಡಿಗೆ ತಂದಾಗ ಅಲ್ಲಿನ ಬಡಗಿಗಳು ಅದನ್ನು ಸಾದಾ ಮರದಲ್ಲಿ ಮಾಡಿ, ಬೂದು, ತಿಳಿನೀಲಿ, ಕೆನೆಬಿಳುಪಿನ ಬಣ್ಣ ಬಳಿದರು; ಚಳಿನಾಡಿನ ಮಂದ ಬೆಳಕನ್ನು ಕೋಣೆಯೊಳಗೆ ಹಿಡಿದಿಡುವುದಕ್ಕೆ ಹೊಂದಿದ ಬಣ್ಣಗಳವು. ಜರ್ಮನ್ ಮಾತಾಡುವ ನಾಡುಗಳಲ್ಲಿ 1815ರಿಂದ 1848ರ ನಡುವೆ ಬೆಳೆದ ಬೀಡರ್‌ಮೈಯರ್ ಶೈಲಿಯಂತೂ ಮಧ್ಯಮವರ್ಗದ ಮನೆಗಳಿಗಾಗಿಯೇ ಹುಟ್ಟಿದ್ದು: ತಿಳಿಬಣ್ಣದ ಮರ, ಸರಳ ರೇಖೆ, ಕೆತ್ತನೆ ಬಹಳ ಕಡಿಮೆ. ಯುರೋಪಿನ ಶೈಲಿಯೆಂದರೆ ಚಿನ್ನದ ಮುಲಾಮೇ ಎಂದು ನಂಬಿದವರಿಗೆ ಇವೆರಡೂ ಅಚ್ಚರಿ ಹುಟ್ಟಿಸುತ್ತವೆ. ಮೈಕೆಲ್ ಥೋನೆಟ್ ಆವಿಯಲ್ಲಿ ಬಾಗಿಸಿದ ಮರದಿಂದ 1859ರಲ್ಲಿ ತಂದ 14ನೇ ಸಂಖ್ಯೆಯ ಕುರ್ಚಿ, ಆರು ತುಂಡು ಮರ, ಹತ್ತು ತಿರುಪು, ಎರಡು ನಟ್ಟುಗಳಿಂದಾದದ್ದು. ಬಿಚ್ಚಿಟ್ಟರೆ ಅಂಥ 36 ಕುರ್ಚಿಗಳು ಒಂದು ಘನಮೀಟರಿನ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದವು. ಅದರ ಮಾದರಿಯ ಕುರ್ಚಿಗಳು ಯಾವ ಹಳೆಯ ಮೇಜಿನೊಂದಿಗೂ ಜಗಳವಾಡುವುದಿಲ್ಲ.

ಕೋಣೆಯಲ್ಲಿ ಕಣ್ಣು ಮೊದಲು ಹೋಗಿ ನಿಲ್ಲುವ ಒಂದು ವಸ್ತುವಿರಲಿ. ಕೆತ್ತನೆಯ ಕುರ್ಚಿಯೋ, ಗೋಡೆಗೆ ಒರಗಿದ ಕಿರುಮೇಜೋ, ಗಾಜಿನ ಬಾಗಿಲಿನ ಕಪಾಟೋ ಯಾವುದಾದರೂ ಆದೀತು. ಉಳಿದವು ಇಂದಿನ ಸಾದಾ ವಸ್ತುಗಳಾಗಿದ್ದರೂ ನಡೆಯುತ್ತದೆ. ರಂಗಸಜ್ಜಿಕೆಯ ಭಾವನೆ ಬರುವುದು ಕುರ್ಚಿ, ಮೇಜು, ಪರದೆ, ದೀಪಗಳೆಲ್ಲ ಒಂದೇ ‘ಸೆಟ್’ ಆಗಿ ಒಂದೇ ದಿನ ಮನೆಗೆ ಬಂದಾಗ. ತಲೆಮಾರುಗಳ ಕಾಲ ಬಾಳಿದ ಯುರೋಪಿನ ಮನೆಗಳಲ್ಲಿ ಎಲ್ಲವೂ ಒಂದೇ ಕಾಲದ್ದಾಗಿರುವುದು ಅಪರೂಪ. ಕಾಲುಗಳು ತೆಳ್ಳಗಿದ್ದು ಅಡಿಯಲ್ಲಿ ನೆಲ ಕಾಣುವಂಥ ಪೀಠೋಪಕರಣಗಳು ಚಿಕ್ಕ ಕೋಣೆಯನ್ನು ಹಗುರಗೊಳಿಸುತ್ತವೆ. ಪರದೆಯ ಸರಳನ್ನು ಕಿಟಕಿಯ ಚೌಕಟ್ಟಿಗಿಂತ ಸಾಕಷ್ಟು ಮೇಲೆ ಹೂಡಿ, ಬಟ್ಟೆ ನೆಲ ಮುಟ್ಟುವಂತೆ ಬಿಟ್ಟರೆ ಚಾವಣಿ ಎತ್ತರವಾದಂತೆ ತೋರುತ್ತದೆ. ಗೋಡೆಗೆ ಚೌಕಟ್ಟಿನ ಪಟ್ಟಿಗಳನ್ನು ಹೊಡೆಸುವುದಾದರೆ ಅವಕ್ಕೆ ಗೋಡೆಯ ಬಣ್ಣವನ್ನೇ ಬಳಿಸಿ, ಅಂಚುಗಳಿಗೆ ಚಿನ್ನದ ಬಣ್ಣ ಬೇಡ.

ಗೊಂಚಲುದೀಪದ ಆಸೆ ನಿಮ್ಮ ಪತ್ರದ ಕೊನೆಯಲ್ಲಿ ಇಣುಕಿದೆ. ಊಟದ ಮೇಜಿನ ಮೇಲೆ ತೂಗುಹಾಕಿದರೆ ಮೇಜಿಗೂ ದೀಪದ ತಳಕ್ಕೂ ನಡುವೆ 75ರಿಂದ 90 ಸೆಂಟಿಮೀಟರ್ ಇರಲಿ; ಜನ ಓಡಾಡುವ ಕಡೆಯಾದರೆ ನೆಲದಿಂದ ತಳಕ್ಕೆ ಕನಿಷ್ಠ 210 ಸೆಂಟಿಮೀಟರ್ ಬೇಕು, ಇಲ್ಲದಿದ್ದರೆ ಆಸೆಯನ್ನು ಗೋಡೆಯ ದೀಪಗಳಿಗೆ ಇಳಿಸಿಕೊಳ್ಳಿ. ಹಳೆಯ ದೀಪವಾದರೆ ವಿದ್ಯುತ್ ತಂತಿಗಳನ್ನು ಹೊಸದಾಗಿ ಎಳೆಸದೆ ಬಳಸಬೇಡಿ, ಕೊಕ್ಕೆ ಚಾವಣಿಯ ತಾರಸಿಗೋ ತೊಲೆಗೋ ಕಚ್ಚಿಕೊಂಡಿರಬೇಕೇ ಹೊರತು ಜಿಪ್ಸಂ ಹಲಗೆಗಲ್ಲ. ಬಲ್ಬುಗಳು 2700 ಕೆಲ್ವಿನ್ ಆಸುಪಾಸಿನ ಹಳದಿಛಾಯೆಯವಾಗಿರಲಿ.

ಕೊನೆಯದಾಗಿ ಗಾಜಿನ ಮಾತು. ಹೊಳೆಯುವ ವಸ್ತುವಿನ ಪಕ್ಕದಲ್ಲಿ ಹೊಳೆಯದ ವಸ್ತುವೇ ಇರಬೇಕು. ಚಿನ್ನದ ಚೌಕಟ್ಟು, ಗಾಜಿನ ಮೇಜು, ಅದರ ಮೇಲೆ ಕೆತ್ತನೆಯ ಗಾಜು ಎಂದಾದರೆ ಕಣ್ಣಿಗೆ ನಿಲ್ಲಲು ಜಾಗವಿಲ್ಲ. ಮೇಣ ತಿಕ್ಕಿದ ಮರ, ನಾರುಬಟ್ಟೆ, ಉಣ್ಣೆಯ ಹಾಸುಗಳ ಮೇಲೆ ಅದೇ ಗಾಜು ಜೀವ ತಳೆಯುತ್ತದೆ.

ಪ್ರಶ್ನೆ: ಮಾರಾಟಗಾರರೊಬ್ಬರು ಒಂದು ಲೋಟವನ್ನು ಇನ್ನೂರು ವರ್ಷ ಹಳೆಯದೆನ್ನುತ್ತಾರೆ. ನಂಬಬಹುದೆ?

ಉತ್ತರ: ಮಾತನ್ನು ಬದಿಗಿಟ್ಟು ಲೋಟವನ್ನು ತಲೆಕೆಳಗು ಮಾಡಿ. ಊದಿ ಮಾಡಿದ ಗಾಜನ್ನು ಕೊನೆಯ ಹಂತದಲ್ಲಿ ಕಬ್ಬಿಣದ ಸರಳಿಗೆ ಅಂಟಿಸಿ ಹಿಡಿಯುತ್ತಿದ್ದರು. ಅದನ್ನು ಮುರಿದು ಬಿಡಿಸಿದ ಗುರುತು ಪಾದದ ನಡುವೆ ಒರಟಾದ ಕಲೆಯಾಗಿಯೋ, ತಿಕ್ಕಿ ನುಣುಪು ಮಾಡಿದ ಸಣ್ಣ ತಗ್ಗಾಗಿಯೋ ಉಳಿದಿರುತ್ತದೆ. ಅಚ್ಚಿನಲ್ಲಿ ಒತ್ತಿ ತೆಗೆದ ಗಾಜಿನ ಮೈಮೇಲೆ ಅಚ್ಚಿನ ಹೋಳುಗಳು ಕೂಡಿದ ತೆಳುಗೆರೆ ಇರುತ್ತದೆ, ಕೆತ್ತನೆಯ ಅಂಚುಗಳು ಬೆರಳಿಗೆ ಮೊಂಡಾಗಿ ಸಿಗುತ್ತವೆ. ಇಂಥ ಒತ್ತುಗಾಜು ಅಮೆರಿಕದಲ್ಲಿ ವ್ಯಾಪಕವಾದದ್ದು 1820ರ ದಶಕದ ನಂತರ. ಮೇಲೆ ಹೇಳಿದ ಕಲೆಯೊಂದರಿಂದಲೇ ವಯಸ್ಸು ತಿಳಿಯುವುದಿಲ್ಲ, ಇಂದು ಕೈಯಿಂದ ಊದಿದ ಗಾಜಿನಲ್ಲೂ ಅದು ಇರುತ್ತದೆ. ಪಾದದ ಅಡಿಯ ಗೀರುಗಳನ್ನು ಭೂತಗನ್ನಡಿಯಲ್ಲಿ ನೋಡಿ: ನೂರಾರು ವರ್ಷ ಮೇಜಿನ ಮೇಲೆ ಸರಿದಾಡಿದ ಗೀರುಗಳು ನೆಲ ತಾಗುವ ಅಂಚಿನಲ್ಲಿ ಮಾತ್ರ, ದಿಕ್ಕು ದೆಸೆಯಿಲ್ಲದೆ ಇರುತ್ತವೆ, ಎಲ್ಲ ಗೀರುಗಳೂ ಒಂದೇ ದಿಕ್ಕಿಗೆ ಸಾಲಾಗಿದ್ದರೆ ಯಾರೋ ಉಪ್ಪುಕಾಗದ ತಿಕ್ಕಿದ್ದಾರೆ.

ಇಂಗ್ಲಿಷ್ ಲೋಟಗಳ ಕಾಲವನ್ನು ಅಂದಾಜಿಸಲು ತೆರಿಗೆಯ ಇತಿಹಾಸವೂ ನೆರವಾಗುತ್ತದೆ. 1745ರಲ್ಲಿ ಬ್ರಿಟನ್ ಗಾಜಿನ ಮೇಲೆ ತೂಕದ ಲೆಕ್ಕದಲ್ಲಿ ತೆರಿಗೆ ಹಾಕಿತು. ದಪ್ಪ ಕಾಂಡದ ಭಾರವಾದ ಲೋಟಗಳು ಹಿಂದೆ ಸರಿದು, ಹಗುರವಾದ, ಕಾಂಡದೊಳಗೆ ಗಾಳಿಯ ಎಳೆಗಳನ್ನೋ ಬಿಳಿ ಎಳೆಗಳನ್ನೋ ತಿರುಚಿ ಅಲಂಕರಿಸಿದ ಲೋಟಗಳು ಮುಂದೆ ಬಂದವು. ಐರ್ಲೆಂಡಿಗೆ ಆ ತೆರಿಗೆ 1825ರವರೆಗೆ ತಟ್ಟಲಿಲ್ಲ. 1783ರಲ್ಲಿ ಆರಂಭವಾದ ವಾಟರ್‌ಫರ್ಡಿನ ಕಾರ್ಖಾನೆಯಂಥವು ಆಳವಾಗಿ ಕೊರೆದ ದಪ್ಪಗಾಜನ್ನು ಮಾಡಲು ಸಾಧ್ಯವಾದದ್ದರ ಹಿಂದೆ ಇದೂ ಒಂದು ಕಾರಣ. ತೆರಿಗೆ ತೊಲಗಿದ್ದು 1845ರಲ್ಲಿ.

ಬೆರಳಿನಿಂದ ಮೀಟಿದಾಗ ಬರುವ ದೀರ್ಘ ನಾದ ಸೀಸದ ಗಾಜಿನ ಸೂಚನೆ, ಹಳಮೆಯ ಸೂಚನೆಯಲ್ಲ. ಹೆಸರಿನ ಗುರುತನ್ನಂತೂ ಕಣ್ಣುಮುಚ್ಚಿ ನಂಬಬೇಡಿ. ಫ್ರಾನ್ಸಿನ ಗಾಜಿನ ಕಲಾವಿದ ರೆನೆ ಲಾಲಿಕ್ 1945ರಲ್ಲಿ ತೀರಿಕೊಂಡ ಬಳಿಕ ಅವನ ಕಾರ್ಖಾನೆಯ ಗಾಜಿನ ಸಹಿಯಿಂದ ‘ಆರ್’ ಅಕ್ಷರ ಬಿಟ್ಟುಹೋಯಿತು. ಅಲ್ಲಿಯವನೇ ಆದ ಇನ್ನೊಬ್ಬ ಗಾಜಿನ ಕಲಾವಿದ ಎಮಿಲ್ ಗಾಲೆ 1904ರಲ್ಲಿ ತೀರಿಕೊಂಡ ಮೇಲೆ ಕೆಲ ಕಾಲ ಅವನ ಹೆಸರಿನ ಪಕ್ಕದಲ್ಲಿ ಒಂದು ನಕ್ಷತ್ರ ಬಂತು. ಇಂಥ ವಿವರಗಳು ನಮ್ಮಷ್ಟೇ ಚೆನ್ನಾಗಿ ನಕಲುಗಾರರಿಗೂ ಗೊತ್ತು. ಒಳಮೈಯನ್ನು ಒರೆಸಿ ನೋಡುವುದನ್ನೂ ಮರೆಯಬೇಡಿ: ಮಬ್ಬು ಹಿಡಿದ ಸೀಸೆಯೊಳಗೆ ಎಣ್ಣೆ ಸವರಿ ತಿಳಿಯಾಗಿ ತೋರಿಸುವುದು ಹಳೆಯ ಕೈಚಳಕ.

ಪ್ರಶ್ನೆ: ಕತ್ತಲಲ್ಲಿ ನೇರಳಾತೀತ ಟಾರ್ಚು ಹಿಡಿದರೆ ನಮ್ಮ ಹಳದಿ ಬಟ್ಟಲು ಹಸುರಾಗಿ ಹೊಳೆಯುತ್ತದೆ. ಮನೆಯಲ್ಲಿಡುವುದು ಅಪಾಯವೆ?

ಉತ್ತರ: ಅದು ಯುರೇನಿಯಂ ಬೆರೆತ ಗಾಜು. ಬೊಹೀಮಿಯಾದ ಯೋಸೆಫ್ ರೀಡೆಲ್ 1830ರ ದಶಕದಲ್ಲಿ ಇದನ್ನು ಹಳದಿ ಮತ್ತು ಹಸುರಿನಲ್ಲಿ ತಯಾರಿಸಿ ತನ್ನ ಹೆಂಡತಿ ಅನ್ನಾಳ ಹೆಸರಿಟ್ಟ. ಅದರ ವಿಕಿರಣ ಬಹಳ ಕಡಿಮೆ, ಕಪಾಟಿನಲ್ಲಿಟ್ಟು ನೋಡುವುದರಲ್ಲಿ ಅಪಾಯವಿಲ್ಲ. ತಿನ್ನುವ, ಕುಡಿಯುವ ಕೆಲಸಕ್ಕೆ ಬಳಸಬೇಡಿ. ಒಡೆದರೆ ಚೂರು, ಪುಡಿಗಳನ್ನು ಒದ್ದೆಬಟ್ಟೆಯಿಂದ ಒರೆಸಿ ತೆಗೆಯಿರಿ.

ಪ್ರಶ್ನೆ: ಕೆತ್ತನೆಯ ಸೀಸೆಗಳು ಮಬ್ಬಾಗಿವೆ, ಒಂದರ ಬಿರಡೆ ಕಚ್ಚಿಕೊಂಡಿದೆ. ತೊಳೆಯುವ ಸರಿಯಾದ ಕ್ರಮ ಯಾವುದು? ಇಂಥ ಸೀಸೆಯಲ್ಲಿ ಪಾನೀಯವನ್ನು ತುಂಬಿಡಬಹುದೆ?

ಉತ್ತರ: ಮಬ್ಬಿಗೆ ಎರಡು ಕಾರಣಗಳಿವೆ. ಗಡಸು ನೀರಿನ ಸುಣ್ಣ ಒಳಗೆ ಕಟ್ಟಿಕೊಂಡಿದ್ದರೆ, ನೀರು ಬೆರೆಸಿದ ವಿನೆಗರನ್ನು ಅರ್ಧ ಗಂಟೆ ನಿಲ್ಲಿಸಿ ಚೆನ್ನಾಗಿ ತೊಳೆದಾಗ ಅದು ಬಿಡುತ್ತದೆ. ಬಿಡದಿದ್ದರೆ ಗಾಜಿನ ಮೈಯೇ ಸವೆದಿದೆ ಎಂದರ್ಥ. ಪಾತ್ರೆ ತೊಳೆಯುವ ಯಂತ್ರದ ಬಿಸಿ ಮತ್ತು ಕ್ಷಾರ ಮಾಡುವ ಕೆಲಸ ಇದೇ, ಇದಕ್ಕೆ ಮನೆಮದ್ದಿಲ್ಲ. ಒದ್ದೆಯಾದಾಗ ತಿಳಿಯಾಗಿ ಕಂಡಿತೆಂದು ಸಂತೋಷಪಡಬೇಡಿ, ಎರಡು ಬಗೆಯ ಮಬ್ಬೂ ನೀರಿನಲ್ಲಿ ಮಾಯವಾಗುತ್ತದೆ.

ತೊಳೆಯುವಾಗ ಪ್ಲಾಸ್ಟಿಕ್ ಬೋಗುಣಿಯ ತಳಕ್ಕೆ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರಿಗೆ ಸೌಮ್ಯವಾದ ಸೋಪಿನ ಒಂದೆರಡು ಹನಿ ಬಿಟ್ಟು, ಒಮ್ಮೆಗೆ ಒಂದನ್ನೇ ತೊಳೆಯಿರಿ. ಬಿಸಿನೀರಿನಿಂದ ತಣ್ಣೀರಿಗೆ ಹಾರಿಸಿದರೆ ದಪ್ಪಗಾಜು ಸೀಳುತ್ತದೆ, ಏಕೆಂದರೆ ಹೊರಮೈ ಕುಗ್ಗಿದ ವೇಗದಲ್ಲಿ ಒಳಭಾಗ ಕುಗ್ಗುವುದಿಲ್ಲ. ಚಿನ್ನದ ಗೆರೆ, ಬಣ್ಣದ ಚಿತ್ರ, ಕಾಮನಬಿಲ್ಲಿನ ಮೆರುಗು ಇರುವ ಗಾಜಿಗೆ ವಿನೆಗರಾಗಲಿ ಅಮೋನಿಯಾ ಇರುವ ದ್ರಾವಣವಾಗಲಿ ತಾಗಬಾರದು. ಒರೆಸುವಾಗ ಒಂದು ಕೈಯಲ್ಲಿ ಪಾದ, ಇನ್ನೊಂದರಲ್ಲಿ ಬಾಯಂಚು ಹಿಡಿದು ತಿರುಚುವುದರಿಂದಲೇ ಕಾಂಡಗಳು ಮುರಿಯುವುದು. ಬಟ್ಟಲಿನ ಭಾಗವನ್ನು ಒರೆಸುವಾಗ ಬಟ್ಟಲನ್ನೇ ಹಿಡಿದುಕೊಳ್ಳಿ.

ಕಚ್ಚಿದ ಬಿರಡೆಯ ಸುತ್ತ ತೆಳುವಾದ ಎಣ್ಣೆಯ ಒಂದೆರಡು ಹನಿ ಬಿಟ್ಟು, ಒಂದು ದಿನ ಕಾದು, ಮರದ ಚಮಚೆಯಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆಲ್ಲಗೆ ತಟ್ಟಿ. ಬಿಡದಿದ್ದರೆ ಮತ್ತೊಂದು ದಿನ ಕಾಯಿರಿ. ತಾಳ್ಮೆಗೆಟ್ಟು ತಿರುಚಿದ ನಾನೇ ಒಂದು ಒಳ್ಳೆಯ ಸೀಸೆಯ ಕತ್ತು ಮುರಿದುಕೊಂಡಿದ್ದೇನೆ, ಆ ಬಿರಡೆ ಈಗಲೂ ಮುರಿದ ಕತ್ತಿನಲ್ಲಿಯೇ ಕೂತಿದೆ.

ಇನ್ನು ತುಂಬಿಡುವ ಮಾತು. ಯುರೋಪಿನಲ್ಲಿ 1969ರ ನಿಯಮದ ಪ್ರಕಾರ ‘ಸೀಸದ ಸ್ಫಟಿಕ’ ಎಂದು ಕರೆಯಿಸಿಕೊಳ್ಳಲು ಗಾಜಿನಲ್ಲಿ ಕನಿಷ್ಠ ಶೇ. 24ರಷ್ಟು ಸೀಸದ ಆಕ್ಸೈಡ್ ಇರಬೇಕು. ಹುಳಿ ಇರುವ ಅಥವಾ ಮದ್ಯಸಾರವಿರುವ ದ್ರವ ಅಂಥ ಸೀಸೆಯಲ್ಲಿ ದಿನಗಟ್ಟಲೆ ನಿಂತರೆ ಸೀಸ ಅದಕ್ಕೆ ಇಳಿಯುತ್ತದೆ. ಹಾಗಾಗಿ ತುಂಬಿಡಬೇಡಿ; ಮಕ್ಕಳು ಮತ್ತು ಗರ್ಭಿಣಿಯರಿರುವ ಮನೆಯಲ್ಲಿ ಬಡಿಸುವುದಕ್ಕೂ ಬೇಡ.

ಒಂದು ಲಕ್ಷಣವನ್ನು ಕಂಡರೆ ಮಾತ್ರ ತೊಳೆಯುವ ಮುನ್ನ ವಸ್ತುಸಂಗ್ರಹಾಲಯದ ಸಂರಕ್ಷಣಾ ತಜ್ಞರನ್ನು ಕೇಳಿ: ಗಾಜು ಮುಟ್ಟಿದರೆ ಜಾರುವಂತಿದ್ದು, ಬೆವರಿದಂತೆ ಹನಿಗಟ್ಟಿ, ಒಳಗೆ ಜೇಡರಬಲೆಯಂಥ ಸೂಕ್ಷ್ಮ ಬಿರುಕುಗಳು ಮೂಡಿರುವುದು. ಕ್ಷಾರ ಹೆಚ್ಚಾಗಿ ಸುಣ್ಣ ಸಾಲದೆ ಬೆಂದ ಗಾಜಿಗೆ ಬರುವ ರೋಗವಿದು. ರೇವನ್ಸ್‌ಕ್ರಾಫ್ಟನ ಮೊದಮೊದಲ ಗಾಜಿಗೂ ಇಂಥದೇ ಬಿರುಕು ಬಂದಿತ್ತೆಂಬುದು ನಿಮಗೆ ಸಮಾಧಾನವಾದೀತು.

ಪ್ರಶ್ನೆ: ಚಿನ್ನದ ಚೌಕಟ್ಟಿನ ಹಳೆಯ ಕನ್ನಡಿಯೊಂದು ದೊರೆತಿದೆ. ಅಲ್ಲಲ್ಲಿ ಕಪ್ಪು ಚುಕ್ಕೆಗಳಿವೆ, ಪ್ರತಿಬಿಂಬ ಬೂದುಬಣ್ಣಕ್ಕೆ ತಿರುಗಿದೆ. ಹಿಂಬದಿಯ ಲೇಪವನ್ನು ಹೊಸದಾಗಿ ಮಾಡಿಸಲೆ?

ಉತ್ತರ: ಬೇಡ. ಮಾಡಿಸಿದರೆ ನಿಮ್ಮಲ್ಲಿ ಉಳಿಯುವುದು ಹಳೆಯ ಚೌಕಟ್ಟಿನೊಳಗಿನ ಹೊಸ ಕನ್ನಡಿ. ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟುಸ್ ಫಾನ್ ಲೀಬಿಗ್ 1835ರಲ್ಲಿ ಗಾಜಿನ ಮೇಲೆ ಬೆಳ್ಳಿಯನ್ನು ರಾಸಾಯನಿಕವಾಗಿ ಕೂರಿಸುವ ಬಗೆಯನ್ನು ಕಂಡುಕೊಳ್ಳುವ ಮೊದಲು ಯುರೋಪಿನ ಕನ್ನಡಿಗಳ ಹಿಂದೆ ಇದ್ದದ್ದು ತವರ ಮತ್ತು ಪಾದರಸದ ಮಿಶ್ರಣ. 1684ರಲ್ಲಿ ಮುಗಿದ ವರ್ಸೈ ಅರಮನೆಯ ಕನ್ನಡಿಗಳ ಮೊಗಸಾಲೆಯಲ್ಲಿ 17 ಕಮಾನುಗಳಿಗೆ ಜೋಡಿಸಿದ 357 ಕನ್ನಡಿಗಳೂ ಆ ಬಗೆಯವೇ. ಆ ಮಿಶ್ರಣದ ಪ್ರತಿಬಿಂಬಕ್ಕೆ ಸಹಜವಾಗಿಯೇ ತುಸು ನೀಲಿಬೂದು ಛಾಯೆ ಇರುತ್ತದೆ. ನೀವು ಹೇಳುವ ಬೂದುಬಣ್ಣ ಮುಪ್ಪಿನಿಂದ ಬಂದದ್ದಲ್ಲದೆ ಹುಟ್ಟುಗುಣವೂ ಇರಬಹುದು. ಚೌಕಟ್ಟಿನ ತಳದಲ್ಲಿ ಸಣ್ಣ ಬೆಳ್ಳಿಮಣಿಗಳಂಥ ಹನಿಗಳು ಕಂಡರೆ ಅದು ಪಾದರಸ. ಆಗ ಹಿಂಬದಿಯ ಹಲಗೆಯನ್ನು ಬಿಚ್ಚಬೇಡಿ, ನಿರ್ವಾತ ಧೂಳುಯಂತ್ರದಿಂದ ಎಳೆಯಬೇಡಿ, ಬಿಸಿಯ ಬಳಿ ಇಡಬೇಡಿ, ಅನುಭವಿ ಸಂರಕ್ಷಕರಿಗೆ ತೋರಿಸಿ.

ಚುಕ್ಕೆಗಳಿರುವ ಕನ್ನಡಿಯನ್ನು ಕಿಟಕಿಗೆ ನೇರ ಎದುರಾಗಿ ತೂಗುಹಾಕಿದರೆ ಕಲೆಗಳೇ ಎದ್ದು ತೋರುತ್ತವೆ. ಕಿಟಕಿಗೆ ಅಡ್ಡಲಾದ ಗೋಡೆಯಲ್ಲಿ, ಕಿರುಮೇಜಿನ ಮೇಲ್ಗಡೆ, ಮೇಲಂಚು ಕೊಂಚ ಮುಂದಕ್ಕೆ ವಾಲಿದಂತೆ ಹಾಕಿ, ಮುಂದೆ ಒಂದೆರಡು ಕೆತ್ತನೆಯ ಗಾಜಿನ ಸಾಮಾನುಗಳನ್ನೂ ಒಂದು ಮಂದ ದೀಪವನ್ನೂ ಇಟ್ಟರೆ, ಗಾಜಿನ ಹಿಂಬದಿಯೂ ಕನ್ನಡಿಯಲ್ಲಿ ಕಾಣಿಸಿ ಎರಡಕ್ಕೂ ಲಾಭ. ಬಾಗಿಲು ಬಡಿದಾಗಲೆಲ್ಲ ಸಾಮಾನುಗಳು ಕೂದಲೆಳೆಯಷ್ಟು ಸರಿಯುತ್ತಿರುತ್ತವೆ. ಪಾದದಡಿಗೆ ‘ಮ್ಯೂಸಿಯಂ ವ್ಯಾಕ್ಸ್’ ಎಂದು ಕರೆಯುವ ಮೃದುವಾದ ಮೇಣದ ಸಣ್ಣ ಗುಳಿಗೆಯನ್ನು ಒತ್ತಿಡಿ. ಮುಖ ನೋಡಿಕೊಳ್ಳುವ ದಿನನಿತ್ಯದ ಕೆಲಸಕ್ಕೆ ಬೇರೆಡೆ ಹೊಸ ಕನ್ನಡಿಯೊಂದನ್ನು ಹಾಕಿಸಿಕೊಳ್ಳಿ.